ಫ್ರೇಮ್‌ಪತನ ಮೀಮಾಂಸೆ

ಗ್ರಂಥಾರಂಭದಲ್ಲಿ ವಿಘ್ನನಿವಾರಕನನ್ನು ಸ್ತುತಿಸುವುದು ಶಿಷ್ಟಾಚಾರ. ಮದುವೆ ವೀಡಿಯೊ ಮಿಕ್ಸಿಂಗ್ ಮಾಡುವ ಕೋಣೆಯಲ್ಲಿ ಆ ಸ್ಥಾನ ಯುಪಿಎಸ್‌ನದು. ಕರೆಂಟು ಹೋದೊಡನೆ ಕೀಂ ಕೀಂ ಎಂದು ಜಪ ಶುರುಮಾಡುವ, ಬ್ಯಾಟರಿ ಮುಗಿಯುವ ತನಕ ಮಾತ್ರ ಅಭಯ ನೀಡುವ ಆ ಕಪ್ಪು ಪೆಟ್ಟಿಗೆಗೆ ನಮಿಸಿ, ಅಲ್ಪಮತಿಯಾದ ಈ ಪ್ರಬಂಧಕಾರನು ಫ್ರೇಮ್‌ಪತನವೆಂಬ ಗಹನ ವಿಷಯಕ್ಕೆ ಕೈಹಾಕುತ್ತಾನೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿದ ಮದುವೆಯನ್ನು ಮಿನಿ ಡಿವಿ ಕ್ಯಾಸೆಟ್ಟಿಗೆ ಇಳಿಸುವಾಗ ದಾರಿಯಲ್ಲಿ ಉದುರಿಹೋಗುವ ಫ್ರೇಮುಗಳು. ಪ್ರಯೋಜನ: ಬಾಕಿ ಹಣದ ವಸೂಲಿ. ಸಂಬಂಧ: ಫ್ರೇಮು ಉದುರಿದಷ್ಟೂ ಬಾಕಿಯೂ ಉದುರುತ್ತದೆ ಎಂಬ ಕಾರ್ಯಕಾರಣ ಭಾವ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಗಂಟೆಗಟ್ಟಲೆ ಟೇಪು ಓಡಿಸಿ, ರಾತ್ರಿ ಎರಡಕ್ಕೆ ‘ಉದುರಿದ ಫ್ರೇಮು: 1’ ಎಂಬ ವರದಿ ಕಂಡು ಗೋಡೆಗೆ ಹಣೆ ಚಚ್ಚಿಕೊಂಡವನು. ದೇಶಕಾಲ: ಒಂದು ತಾಲೂಕು ಕೇಂದ್ರ, ಬಸ್ ಸ್ಟ್ಯಾಂಡಿನ ಎದುರಿನ ಮಹಡಿ, 2004ರ ಸುಮಾರು.

ಪ್ರಥಮ ಸೂತ್ರ: ಟೇಪು ಕಾಯದು

ಭಾಷ್ಯ. ಕಂಪ್ಯೂಟರು ಕಾಯಿಸುವ ಯಂತ್ರ, ಟೇಪು ಕಾಯದ ಯಂತ್ರ. ಇವರಿಬ್ಬರ ಜಾತಕ ಕೂಡದಿರುವುದೇ ಸಕಲ ಫ್ರೇಮ್‌ಪತನದ ಮೂಲ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಒಂದೊಂದರ ಆಯುಷ್ಯ 40 ಮಿಲಿಸೆಕೆಂಡು. ಡಿವಿ ಲೆಕ್ಕದಲ್ಲಿ ಒಂದು ಫ್ರೇಮಿಗೆ 1,44,000 ಬೈಟು. ಹಾಗಾಗಿ ಸೆಕೆಂಡಿಗೆ 36 ಲಕ್ಷ ಬೈಟು, ಗಂಟೆಗೆ ಸುಮಾರು 13 ಜಿಬಿ, 90,000 ಫ್ರೇಮು. ಟೇಪಿನ ಅಗಲ 6.35 ಮಿಲಿಮೀಟರು, ಅದು ಸೆಕೆಂಡಿಗೆ 18.8 ಮಿಲಿಮೀಟರಿನಂತೆ ಇರುವೆಯ ಹಾಗೆ ಸಾಗುತ್ತದೆ. ಅದರ ಮಗ್ಗುಲಲ್ಲೇ ಹೆಡ್ಡು ಹೊತ್ತ ಡ್ರಮ್ಮು ನಿಮಿಷಕ್ಕೆ 9,000 ಸುತ್ತು ಹೊಡೆಯುತ್ತ ಒಂದೊಂದು ಫ್ರೇಮನ್ನೂ 12 ಓರೆಗೆರೆಗಳಾಗಿ ಬರೆಯುತ್ತದೆ. ಗೆರೆಯ ಅಗಲ 10 ಮೈಕ್ರಾನು. ತಲೆಗೂದಲೊಂದರ ಅಗಲದಲ್ಲಿ ಅಂಥ ಐದಾರು ಗೆರೆ ಹಿಡಿಸುತ್ತವೆ.

ಪೂರ್ವಪಕ್ಷಿ ಕೇಳುತ್ತಾನೆ: ಮುಹೂರ್ತವನ್ನೇ ಹಿಗ್ಗಿಸಬಹುದು, ಟೇಪನ್ನೇಕೆ ತುಸು ನಿಲ್ಲಿಸಬಾರದು? ಹಾಗಲ್ಲ. ಎಂಎಲ್‌ಎ ಬರುವುದು ತಡವಾದರೆ ಪುರೋಹಿತರು ಇನ್ನೊಂದೆರಡು ಮಂತ್ರ ಸೇರಿಸಿ ಹೊತ್ತು ನೂಕಬಲ್ಲರು. ತಿರುಗುವ ಡ್ರಮ್ಮಿಗೆ ಎಂಎಲ್‌ಎಯೂ ಗೊತ್ತಿಲ್ಲ, ದಕ್ಷಿಣೆಯೂ ಗೊತ್ತಿಲ್ಲ.

ಪುನಃ ಪೂರ್ವಪಕ್ಷ: ತಪ್ಪಿಹೋದ ಫ್ರೇಮನ್ನು ಇನ್ನೊಮ್ಮೆ ಕಳಿಸಿದರಾಯಿತು. ಅದೂ ಆಗದು. ಕಂಪ್ಯೂಟರಿನಿಂದ ಟೇಪು ಹೊತ್ತ ಕ್ಯಾಮೆರಾಕ್ಕೆ ಹೋಗುವ ಫೈರ್‌ವೈರ್ ಕೇಬಲ್ಲಿನಲ್ಲಿ ಡಿವಿ ಸಾಗುವುದು ಪಂಕ್ತಿಭೋಜನದ ನ್ಯಾಯದಲ್ಲಿ. ಸೆಕೆಂಡಿಗೆ 8,000 ಸರದಿ. ಪ್ರತಿ ಸರದಿಯಲ್ಲೂ ಡಿವಿಗೆಂದು ಜಾಗ ಕಾದಿರಿಸಿರುತ್ತದೆ. ಬಡಿಸುವವನು ಎಲೆಯ ಮುಂದೆ ಬಂದಾಗ ನೀವು ಪಕ್ಕದವರ ಜೊತೆ ಮಾತಿಗಿಳಿದಿದ್ದರೆ ಹೋಳಿಗೆ ಹೋಯಿತು. ಅವನು ತಿರುಗಿ ಬರುವುದಿಲ್ಲ, ‘ಸಿಕ್ಕಿತೇ’ ಎಂದು ಕೇಳುವುದೂ ಇಲ್ಲ. ಕಡತ ನಕಲು ಮಾಡುವಾಗ ಕಂಪ್ಯೂಟರು ಉಪಚಾರ ಹೇಳುವ ಬೀಗರಂತೆ ಮತ್ತೆ ಮತ್ತೆ ಕೇಳಿಕೊಂಡು ಬಡಿಸೀತು. ಟೇಪಿನ ಪಂಕ್ತಿಯಲ್ಲಿ ಆ ಉಪಚಾರವಿಲ್ಲ.

ದ್ವಿತೀಯ ಸೂತ್ರ: ಇಲ್ಲದ್ದೂ ಕಾಣುತ್ತದೆ

ಭಾಷ್ಯ. ಉದುರಿದ ಫ್ರೇಮು ಟೇಪಿನಲ್ಲಿ ಇಲ್ಲ. ಇಲ್ಲದ್ದನ್ನು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ‘ಅನುಪಲಬ್ಧಿ’ ಎಂಬ ಆರನೆಯ ಪ್ರಮಾಣದಿಂದ. ನೆಲದ ಮೇಲೆ ಗಡಿಗೆ ಇದ್ದಿದ್ದರೆ ಕಾಣುತ್ತಿತ್ತು, ಕಾಣದಿರುವುದರಿಂದ ಇಲ್ಲ. ಹಾಗೆಯೇ ವಧು ಹಾರ ಎತ್ತಿದಳು, ಕಣ್ಣು ಪಿಳಿಕಿಸುವುದರೊಳಗೆ ಹಾರ ವರನ ಕೊರಳಲ್ಲಿತ್ತು, ಸದ್ದಿನಲ್ಲೊಂದು ‘ಟಿಕ್’ ಕೇಳಿತು. ನಡುವೆ ಏನೋ ಇರಬೇಕಿತ್ತು, ಇಲ್ಲ.

ಇಲ್ಲಿ ಮಂದಮತಿಗಳು ರೋಗವನ್ನೇ ತಪ್ಪು ತಿಳಿಯುತ್ತಾರೆ. ಪುರೋಹಿತರ ಮುಖ ಚೌಕುಳಿ ಚೌಕುಳಿಯಾಗಿ ಒಡೆದು ಕಂಡರೆ ಅದು ಫ್ರೇಮ್‌ಪತನವಲ್ಲ, ಡ್ರಾಪ್‌ಔಟು. ಟೇಪು ಸವೆದಿದೆ ಇಲ್ಲವೇ ಹೆಡ್ಡಿಗೆ ಕೊಳೆ ಹಿಡಿದಿದೆ. ಮುಖ ಸ್ವಚ್ಛವಾಗಿದ್ದು ನಡಿಗೆ ಮಾತ್ರ ಮುಗ್ಗರಿಸಿದರೆ ದೋಷ ಕಂಪ್ಯೂಟರಿನ ಕಡೆಯದು. ಮೊದಲನೆಯದು ಬರವಣಿಗೆಯ ದೋಷ, ಎರಡನೆಯದು ಬಡಿಸುವಿಕೆಯ ದೋಷ. ಒಂದರ ಮದ್ದು ಇನ್ನೊಂದಕ್ಕೆ ನಾಟದು.

ತೃತೀಯ ಸೂತ್ರ: ಅಭಾವವು ನಾಲ್ಕು ಬಗೆ

ಭಾಷ್ಯ. ‘ಇಲ್ಲ’ ಎಂಬ ಒಂದೇ ಮಾತನ್ನು ನೈಯಾಯಿಕರು ನಾಲ್ಕಾಗಿ ಒಡೆದಿದ್ದಾರೆ. ಅವರಿಗೆ ಮಿಕ್ಸಿಂಗ್ ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ.

ಮೊದಲನೆಯದು ಪ್ರಾಗಭಾವ, ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ವಧುವಿನ ಮುಖವನ್ನು ತಾವರೆಯೊಳಗಿಟ್ಟು, ತಾವರೆಯನ್ನು ತಿರುಗಿಸಿ, ಹೃದಯಾಕಾರದ ಕಿಂಡಿಯಲ್ಲಿ ವರನನ್ನು ಇಣುಕಿಸಿ, ಮೇಲೆ ಗುಲಾಬಿ ಎಸಳು ಸುರಿಸಿದ ದೃಶ್ಯಕ್ಕೆ ಇನ್ನೂ ಫ್ರೇಮುಗಳೇ ಹುಟ್ಟಿರುವುದಿಲ್ಲ. ಟೈಮ್‌ಲೈನಿನ ನೆತ್ತಿಯ ಮೇಲಿನ ಕೆಂಪು ಗೆರೆ ಹೇಳುವುದು ಅದನ್ನೇ. ಹಾಗೆಯೇ ಟೇಪಿಗೆ ಬಿಟ್ಟರೆ ಕಂಪ್ಯೂಟರು 40 ಮಿಲಿಸೆಕೆಂಡಿಗೊಂದರಂತೆ ಹೆರುತ್ತ ಬಡಿಸಬೇಕಾಗುತ್ತದೆ. ಮದ್ದು: ರೆಂಡರು, ಅಂದರೆ ಫ್ರೇಮುಗಳನ್ನು ಮೊದಲೇ ಹೆರಿಸಿಡುವುದು. ಪ್ರಾಗಭಾವಕ್ಕೆ ಆದಿಯಿಲ್ಲ, ಆದರೆ ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ರೆಂಡರಿನ ಪಟ್ಟಿ ತೆವಳುವುದನ್ನು ನೋಡುತ್ತ ಮೂರು ಟೀ ಕುಡಿದವನಿಗೆ ಆ ಅಂತ್ಯದ ಮೇಲೆ ನಂಬಿಕೆ ಉಳಿದಿರುವುದಿಲ್ಲ.

ಎರಡನೆಯದು ಪ್ರಧ್ವಂಸಾಭಾವ, ಇದ್ದದ್ದು ನಾಶವಾದ ಮೇಲಿನ ಅಭಾವ. ಫ್ರೇಮು ಡಿಸ್ಕಿನಲ್ಲಿ ಹುಟ್ಟಿ ಬೆಳೆದಿತ್ತು, ದಾರಿಯಲ್ಲಿ ಸತ್ತಿತು. ಕೊಲೆಗಾರರು ಹಲವರು. ಚೂರುಚೂರಾಗಿ ಹಂಚಿಹೋದ ಕಡತವನ್ನು ಹೆಕ್ಕುತ್ತ ಅಲೆಯುವ ಡಿಸ್ಕು ಒಬ್ಬ. ನಡುವೆ ಎದ್ದು ಮನೆ ಗುಡಿಸುವ ಆಂಟಿವೈರಸ್ಸು ಇನ್ನೊಬ್ಬ. ಕ್ಯಾಮೆರಾ ಕಡೆಯ ನಾಲ್ಕು ಪಿನ್ನಿನ ಪುಟ್ಟ ಕನೆಕ್ಟರು ಸಡಿಲವಾಗಿದ್ದರೆ ಅದೂ ಒಬ್ಬ. ಎಲ್ಲಕ್ಕಿಂತ ಸದ್ದಿಲ್ಲದವನು ಹಿಂಬಡ್ತಿ ಪಡೆದ ಡಿಸ್ಕು. ದತ್ತ ಸಾಗಿಸುವಾಗ ಒಟ್ಟು ಆರು ಸಲ ಎಡವಿದರೆ ವಿಂಡೋಸ್ ಎಕ್ಸ್‌ಪಿ ಅದರ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಎಡವುತ್ತಲೇ ಹೋದರೆ ಕಟ್ಟಕಡೆಗೆ ಪಿಐಒ ಎಂಬ ಕೆಳದರ್ಜೆ. ಹಿಂಬಡ್ತಿಯ ಆದೇಶ ಯಾರ ಕೈಗೂ ಸಿಗುವುದಿಲ್ಲ. ಕೇಬಲ್ಲು ಬದಲಾಯಿಸಿದರೂ ಬಡ್ತಿ ತಾನಾಗಿ ಬರುವುದಿಲ್ಲ; ಡಿವೈಸ್ ಮ್ಯಾನೇಜರಿಗೆ ಹೋಗಿ ಆ ಐಡಿಇ ಚಾನೆಲ್ಲನ್ನೇ ಅಳಿಸಿ, ಯಂತ್ರವನ್ನು ಮತ್ತೆ ಎಬ್ಬಿಸಬೇಕು. ಸರ್ಕಾರಿ ನೌಕರಿ ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಮೂರನೆಯದು ಅನ್ಯೋನ್ಯಾಭಾವ, ಒಂದು ಇನ್ನೊಂದಲ್ಲದಿರುವಿಕೆ. ಗಡಿಗೆ ಬಟ್ಟೆಯಲ್ಲ, 25 ಎಂಬುದು 29.97 ಅಲ್ಲ. ಸ್ಟುಡಿಯೊ ಯಜಮಾನರು ಸೆಟ್ಟಿಂಗಿನಲ್ಲಿ ‘ಡ್ರಾಪ್ ಫ್ರೇಮ್’ ಎಂಬ ಆಯ್ಕೆ ಕಂಡು, “ಕಳ್ಳ ಇಲ್ಲೇ ಕೂತಿದ್ದಾನಲ್ಲಯ್ಯ, ತೆಗೆದುಹಾಕು!” ಎಂದು ಗುಡುಗಿದ್ದು ಈ ಭೇದಜ್ಞಾನವಿಲ್ಲದೆ. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಸೆಕೆಂಡಿಗೆ 29.97 ಫ್ರೇಮು. ಅದನ್ನು 30 ಎಂದೇ ಎಣಿಸುತ್ತ ಹೋದರೆ ಫ್ರೇಮುಗಳಿಗೆ ಸಂಖ್ಯೆ ಕೊಡುವ ಟೈಮ್‌ಕೋಡು ಗೋಡೆಯ ಗಡಿಯಾರಕ್ಕಿಂತ ಗಂಟೆಗೆ 3.6 ಸೆಕೆಂಡು ಹಿಂದೆ ಬೀಳುತ್ತದೆ. ಅದಕ್ಕೆಂದು ಪ್ರತಿ ನಿಮಿಷದ ಆರಂಭದಲ್ಲಿ 00, 01 ಎಂಬ ಎರಡು ಸಂಖ್ಯೆಗಳನ್ನು ಹಾರಿಸುತ್ತಾರೆ, ಪ್ರತಿ ಹತ್ತನೆಯ ನಿಮಿಷವನ್ನು ಬಿಟ್ಟು. ಗಂಟೆಗೆ 108 ಸಂಖ್ಯೆ ಲೋಪ. ಚಿತ್ರ ಒಂದೂ ಲೋಪವಿಲ್ಲ. ಪಂಚಾಂಗ ಬಲ್ಲವರಿಗೆ ಇದು ಕ್ಷಯತಿಥಿ. ಒಂದು ಸೂರ್ಯೋದಯವಾದ ಮೇಲೆ ಹುಟ್ಟಿ ಮುಂದಿನ ಸೂರ್ಯೋದಯಕ್ಕೆ ಮೊದಲೇ ತೀರಿಹೋದ ತಿಥಿ ಎಣಿಕೆಯಿಂದ ಜಾರುತ್ತದೆಯೇ ಹೊರತು, ಅಂದು ಹಾಲಿನವನು ಬಾರದೆ ಇರುವುದಿಲ್ಲ. ನಮ್ಮ ಪಾಲ್‌ಗೆ 25 ಎಂದರೆ 25. ಕ್ಷಯವೂ ಇಲ್ಲ, ಅಧಿಕವೂ ಇಲ್ಲ.

ನಾಲ್ಕನೆಯದು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲದ್ದು. ಪ್ರಕೃತ ಮದುವೆಯಲ್ಲಿ ವಧುವಿನ ಅಕ್ಕನ ಗಂಡ ಜರ್ಮನಿಯಲ್ಲಿದ್ದವರು. “ಸಿಡಿ ಗಿಡಿ ಬೇಡ, ಮಾಸ್ಟರ್ ಟೇಪೇ ಬೇಕು. ನನ್ನ ಕ್ಯಾಮೆರಾದಲ್ಲೇ ರೆಕಾರ್ಡ್ ಮಾಡಿ” ಎಂದು ತಮ್ಮ ಕೈಚೀಲದಿಂದ ಕ್ಯಾಮೆರಾ ತೆಗೆದುಕೊಟ್ಟರು. ಅದು ಫ್ರೇಮುಗಳನ್ನು ಕೊಡುತ್ತಿತ್ತು, ತೆಗೆದುಕೊಳ್ಳುತ್ತಿರಲಿಲ್ಲ. ಹೊರಗಿನಿಂದ ಡಿವಿ ಬರೆಸಿಕೊಳ್ಳಬಲ್ಲ ಕ್ಯಾಮೆರಾವನ್ನು ಯುರೋಪಿನ ಸುಂಕದವರು ವೀಡಿಯೊ ರೆಕಾರ್ಡರ್ ಎಂದೆಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಆದ್ದರಿಂದ ಅಲ್ಲಿ ಮಾರುವ ಎಷ್ಟೋ ಕ್ಯಾಮೆರಾಗಳ ಒಳಬಾಗಿಲಿಗೆ ತಯಾರಕರೇ ಅಗುಳಿ ಹಾಕಿರುತ್ತಿದ್ದರು. 90,000ಕ್ಕೆ 90,000 ಫ್ರೇಮೂ ಉದುರಿದ ಈ ಪ್ರಕರಣವನ್ನು ‘ಸರ್ವಪತನ’ವೆಂದು ಕರೆದು, ನಮ್ಮದೇ ಕ್ಯಾಮೆರಾ ಜೋಡಿಸಿದೆವು.

ಮತಸಮೀಕ್ಷೆ

ಫ್ರೇಮ್‌ಪತನದ ಬಗ್ಗೆ ಊರಿನಲ್ಲಿ ಮೂರು ದರ್ಶನಗಳು ಪ್ರಚಲಿತ. ರ‍್ಯಾಮ್‌ವಾದಿಗಳ ಪ್ರಕಾರ ಜಗತ್ತಿನ ಸಕಲ ದುಃಖಕ್ಕೂ ರ‍್ಯಾಮ್ ಸಾಲದಿರುವುದೇ ಕಾರಣ. ಮಳಿಗೆಯೂ ಅವರದೇ ಆದ್ದರಿಂದ ಈ ಮತಕ್ಕೆ ಆಕರ ಹುಡುಕಬೇಕಿಲ್ಲ. ಫಾರ್ಮ್ಯಾಟ್‌ವಾದಿಗಳು ವೈರಾಗ್ಯಶೀಲರು. ಎಲ್ಲವನ್ನೂ ಅಳಿಸದೆ ಮುಕ್ತಿಯಿಲ್ಲ ಎಂಬ ಅವರ ಸಿದ್ಧಾಂತಕ್ಕೆ ಹಿಂದಿನ ತಿಂಗಳ ಎರಡು ನಾಮಕರಣ, ಒಂದು ಗೃಹಪ್ರವೇಶ ಆಹುತಿಯಾಗಿವೆ. ಮೂರನೆಯವರು ಮಡಿವಾದಿಗಳು. ಒಂದು ಕಂಪನಿಯ ಟೇಪು ಓಡಿದ ಹೆಡ್ಡಿಗೆ ಇನ್ನೊಂದು ಕಂಪನಿಯ ಟೇಪು ಸೋಕಬಾರದು, ಅವುಗಳ ಜಿಡ್ಡು ಬೇರೆ ಬೇರೆ, ಸೋಕಿದರೆ ಕ್ಲೀನಿಂಗ್ ಕ್ಯಾಸೆಟ್ಟಿನ ಪ್ರಾಯಶ್ಚಿತ್ತ ಆಗಲೇಬೇಕು. ಇದು ಹೆಡ್ಡಿನ ಮಾತಾಯಿತು. ಹೋಳಿಗೆ ಅಡುಗೆಮನೆಯಿಂದಲೇ ಹೊರಡದಿದ್ದಾಗ ಎಲೆಯನ್ನು ಎಷ್ಟು ತೊಳೆದರೇನು?

ಸಿದ್ಧಾಂತ

ಪ್ರಬಂಧಕಾರನ ವಿಧಾನ ಅನ್ವಯ-ವ್ಯತಿರೇಕ: ಯಾವುದು ಇದ್ದರೆ ಕಾರ್ಯ ಉಂಟು, ಯಾವುದು ಇಲ್ಲದಿದ್ದರೆ ಇಲ್ಲ ಎಂದು ನೋಡುವುದು. ಮೊದಲು ಕಡತವನ್ನೇ ಕಂಪ್ಯೂಟರಿನಲ್ಲಿ ಫ್ರೇಮು ಫ್ರೇಮಾಗಿ ಸರಿಸಿ ನೋಡಿದೆ. ಕೊರತೆಯಿಲ್ಲ, ಅಂದರೆ ಕ್ಯಾಮೆರಾದಿಂದ ತುಂಬಿಕೊಳ್ಳುವಾಗ ಏನೂ ಉದುರಿಲ್ಲ. ಕೆಂಪು ಗೆರೆ ಇಲ್ಲ. ಡಿಸ್ಕಿನ ದರ್ಜೆ ಸರಿಯಿದೆ. ಆದರೂ ಟೇಪಿಗಿಳಿಸಿದಾಗ ಹತ್ತನೆಯ ನಿಮಿಷದಲ್ಲಿ, ಕಾಶಿಯಾತ್ರೆಯ ಛತ್ರಿ ಬಿಚ್ಚುವಲ್ಲಿ ಮುಗ್ಗರಿಸಿತು. ಛತ್ರಿಯಲ್ಲಿ ದೋಷವಿರಬಹುದೇ? ಕಾಶಿಯಾತ್ರೆಯನ್ನು ಬಿಟ್ಟು ಧಾರೆಯಿಂದ ಶುರುಮಾಡಿದೆ. ಛತ್ರಿಯಿಲ್ಲ, ಆದರೂ ಮತ್ತೆ ಹತ್ತನೆಯ ನಿಮಿಷಕ್ಕೇ ಮುಗ್ಗರಿಸಿತು. ಆದ್ದರಿಂದ ದೋಷ ದೃಶ್ಯದಲ್ಲಿಲ್ಲ, ಗಡಿಯಾರದಲ್ಲಿದೆ. ಮೂರನೆಯ ಸಲ ಸಹಾಯಕ ಹುಡುಗ ಬೋಂಡಾ ತಿಂದ ಕೈಯಲ್ಲಿ ಮೌಸ್ ಮುಟ್ಟಿದ. ಬೈದೆ. ಆ ಸಲ ಹತ್ತನೆಯ ನಿಮಿಷದಲ್ಲಿ ಉದುರಲಿಲ್ಲ!

ಕಾರಣ ಹೊಳೆಯಿತು. ಟೇಪು ಓಡುವಾಗ ಯಂತ್ರವನ್ನು ಯಾರೂ ಮುಟ್ಟಕೂಡದೆಂದು ನಾವು ಭಕ್ತಿಯಿಂದ ಕೈಕಟ್ಟಿ ಕೂರುತ್ತಿದ್ದೆವು. ಹತ್ತು ನಿಮಿಷ ಯಾರೂ ಮುಟ್ಟಲಿಲ್ಲವೆಂದು ಕಂಪ್ಯೂಟರು ಬೇಸರ ಕಳೆಯಲು ಸ್ಕ್ರೀನ್‌ಸೇವರಿನ ಮೀನುಗಳನ್ನು ಈಜಲು ಬಿಡುತ್ತಿತ್ತು. ಮೊದಲ ಮೀನು ಬಾಲ ಬೀಸುವಷ್ಟರಲ್ಲಿ ಮೂರು ಫ್ರೇಮು ಹೋಗಿರುತ್ತಿದ್ದವು. ಅತಿಭಕ್ತಿಯಿಂದಲೂ ಫ್ರೇಮ್‌ಪತನವಾಗುತ್ತದೆಂಬುದು ಈ ಶಾಸ್ತ್ರಕ್ಕೆ ಪ್ರಬಂಧಕಾರನ ಸ್ವಂತ ಕೊಡುಗೆ. ಮೀನುಗಳನ್ನು ತೆಗೆದು, ಆಂಟಿವೈರಸ್ಸು ಮಲಗಿಸಿ, ನೆಟ್‌ವರ್ಕ್ ಕೇಬಲ್ಲು ಕಿತ್ತು, ಬೆಳಗಿನ ಜಾವ ಇನ್ನೊಮ್ಮೆ ಓಡಿಸಿದೆ. ‘ಉದುರಿದ ಫ್ರೇಮು: 0.’ ಈ ಸೊನ್ನೆಯಷ್ಟು ತುಂಬಿದ ಅಂಕಿಯನ್ನು ನಾನು ಕಂಡಿಲ್ಲ.

ಉಪಸಂಹಾರ

ವಧುವಿನ ಮನೆಯವರು ಬಂದು ಟಿವಿಯ ಮುಂದೆ ಕೂತರು. ಹಾರ ಸರಾಗವಾಗಿ ಕೊರಳಿಗೆ ಬಿತ್ತು, ಛತ್ರಿ ಮಲ್ಲಿಗೆಯಂತೆ ಬಿಚ್ಚಿತು, ಯಾರೂ ಏನೂ ಅನ್ನಲಿಲ್ಲ. ಗಟ್ಟಿಮೇಳ ಮೊಳಗಿತು. ವರ ತಾಳಿ ಹಿಡಿದು ಬಾಗಿದ. ಅಷ್ಟರಲ್ಲಿ ಸಿಲ್ಕ್ ಜುಬ್ಬಾದ ವಿಶಾಲವಾದ ಬೆನ್ನೊಂದು, ತನ್ನದೇ ಕ್ಯಾಮೆರಾ ಎತ್ತಿ ಹಿಡಿದು, ನಮ್ಮ ಕ್ಯಾಮೆರಾದ ಮುಂದೆ ಬಂದು ನಿಂತಿತು. ಹನ್ನೊಂದು ಸೆಕೆಂಡು. 275 ಫ್ರೇಮು. ಒಂದೂ ಉದುರಿರಲಿಲ್ಲ; ಜುಬ್ಬಾದ ಹೊಲಿಗೆ ಎಣಿಸಬಹುದಾಗಿತ್ತು. ಬೆನ್ನು ಸರಿದಾಗ ಮೂರು ಗಂಟೂ ಬಿದ್ದಾಗಿತ್ತು.

“ಏನ್ರೀ ಇದು, ತಾಳಿ ಕಟ್ಟಿದ್ದೇ ಇಲ್ಲವಲ್ಲ!” ಎಂದರು ವಧುವಿನ ತಂದೆ.

ಇದು ಯಾವ ಅಭಾವವೆಂದು ಪ್ರಬಂಧಕಾರನು ಮನಸ್ಸಿನಲ್ಲೇ ನಾಲ್ಕನ್ನೂ ತಿರುವಿಹಾಕುತ್ತಿದ್ದಾಗ, ಹಿಂದಿನ ಕುರ್ಚಿಯಿಂದ ವಧು ಮೆಲ್ಲಗೆ ಹೇಳಿದಳು: “ಅದು ಭಾವ ಅಪ್ಪಾ.”

ಶಾಸ್ತ್ರ ಅಲ್ಲಿಗೆ ಮುಗಿಯಿತು. ಬಾಕಿ ಹಣ ಮಾತ್ರ ಇಂದಿಗೂ ಬಂದಿಲ್ಲ. ಅದನ್ನು ಪ್ರಬಂಧಕಾರನು ಪ್ರಾಗಭಾವವೆಂದೇ ನಂಬಿದ್ದಾನೆ. ಯಜಮಾನರು ಅತ್ಯಂತಾಭಾವ ಎನ್ನುತ್ತಾರೆ.