ಪೆಟ್ಟಿಗೆ ರಾಯರು

ಜಯನಗರದ ಹಳೇ ಬ್ಲಾಕುಗಳಲ್ಲಿ ಯಾರ ಮನೆಯ ಹಾಲಿನಲ್ಲಾದರೂ ಟೀವಿ ಮೂಲೆಗೆ ಸರಿದು, ಅದರ ಜಾಗದಲ್ಲಿ ಪಾಲಿಷ್ ಹಾಕಿದ ಉದ್ದನೆಯ ಮರದ ಪೆಟ್ಟಿಗೆ ಕೂತಿದ್ದರೆ ಹುಷಾರಾಗಿರಿ. ಅದು ಶೋಕೇಸಲ್ಲ. ಮುಚ್ಚಳ ಎತ್ತಿದರೆ ಒಂದು ಕಡೆ ಗ್ರಾಮಾಫೋನ್ ತಟ್ಟೆ, ಇನ್ನೊಂದು ಕಡೆ ಸ್ಪೂಲ್ ಟೇಪ್‌ರೆಕಾರ್ಡರ್, ಮುಂದೆ ರೇಡಿಯೊ. 1950ರ ದಶಕದಲ್ಲಿ ಗ್ರುಂಡಿಗ್‌ನಂಥ ಜರ್ಮನ್ ಕಂಪನಿಗಳು ಇಂಥವನ್ನು ಮಾಡುತ್ತಿದ್ದವು. 1963ರಲ್ಲಿ ಫಿಲಿಪ್ಸ್‌ನವರು ಅಂಗೈಯಷ್ಟಿದ್ದ ಕ್ಯಾಸೆಟ್ ತಂದರು. ಬರಬರುತ್ತಾ ಈ ಬೀರುಗಳಿಗೆ ಗುಜರಿಯೇ ಗತಿಯಾಯಿತು. ಗುಜರಿಯಿಂದ ಎತ್ತಿ ತಂದು ಸಾಕುವವರೇ ಪೆಟ್ಟಿಗೆ ರಾಯರು.

ರಾಯರೆಂದರೆ ಒಬ್ಬರಲ್ಲ, ಒಂದು ಪಂಗಡ. ಜೆ.ಪಿ. ನಗರದಲ್ಲೂ ಸಿಗುತ್ತಾರೆ, ಬನಶಂಕರಿಯಲ್ಲೂ. ರಿಟೈರಾಗಿರುತ್ತಾರೆ. ಭಾನುವಾರ ಸಂಡೇ ಬಜಾರಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಮಿಕ್ಕ ದಿನ ಎಸ್.ಪಿ. ರಸ್ತೆಯಲ್ಲಿ. ಜಾಲಹಳ್ಳಿಯ ಬಿ.ಇ.ಎಲ್.ನಲ್ಲೇ ಒಂದು ಕಾಲಕ್ಕೆ ತಯಾರಾದ ರೇಡಿಯೊ ವಾಲ್ವು ಸಿಕ್ಕಿತೋ, ಕರ್ಚೀಫಿನಲ್ಲಿ ಸುತ್ತಿ ಅಂಗಿ ಜೇಬಿಗಿಟ್ಟು, ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿ, ಎರಡೂ ಕೈಯಲ್ಲಿ ಎದೆ ಹಿಡಿದು ನಿಲ್ಲುತ್ತಾರೆ. ನೋಡಿದವರು ಗಾಬರಿಯಾಗಿ ಸೀಟು ಬಿಟ್ಟುಕೊಡುತ್ತಾರೆ.

ನನ್ನ ಪಾಲಿಗೆ ಬಂದ ರಾಯರು ನಾಲ್ಕನೇ ಟಿ ಬ್ಲಾಕಿನವರು. ಅವರಲ್ಲಿರುವ ಒಂದು ಪೆಟ್ಟಿಗೆ ಅಮೆರಿಕದ್ದು. ಅಲ್ಲಿಯ ಕರೆಂಟು 120 ವೋಲ್ಟು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಟ್ಟರೆ ಆ ತಾಪತ್ರಯ ಮುಗಿಯಿತು. ಆದರೆ ಅಲ್ಲಿ ಸೆಕೆಂಡಿಗೆ 60 ಸೈಕಲ್, ಇಲ್ಲಿ 50. ಅದನ್ನು ಟ್ರಾನ್ಸ್‌ಫಾರ್ಮರ್ ಬದಲಿಸುವುದಿಲ್ಲ. ಹಾಗಾಗಿ ಮೋಟಾರು ಆರರಲ್ಲಿ ಒಂದು ಪಾಲು ನಿಧಾನ. ಒಂದು ಸಂಜೆ ರಾಯರು, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯದು ಎಂದು ಸ್ಪೂಲೊಂದನ್ನು ಹಾಕಿದರು.

"ಎಂ.ಎಸ್. ಸುಬ್ಬುಲಕ್ಷ್ಮಿ ಸಾರ್! ಕಂಠ ಕೇಳಿ."

ಪೆಟ್ಟಿಗೆಯ ಹಸಿರು ಕಣ್ಣು ಮಿನುಗಿತು. ತಂಬೂರಿ ಗೊರಕೆ ಹೊಡೆಯಿತು. ಆಮೇಲೆ ಯಾರೋ ನೆಗಡಿಯಾದ ಗಂಡಸರು ಹಾಡತೊಡಗಿದರು. ಐದು ಮನೆ ಶ್ರುತಿ ಮೂರು ಮನೆಗೆ ಇಳಿದಿತ್ತು.

"ಗಂಭೀರವಾಗಿದೆ ಅಲ್ವೇ?"

ನನ್ನ ಸಂಗೀತಜ್ಞಾನ ತಲೆದೂಗುವಷ್ಟರದ್ದು, ತೂಗಿದೆ. ಒಂದು ಗಂಟೆಯ ಟೇಪು ಆ ಪೆಟ್ಟಿಗೆಯಲ್ಲಿ ಒಂದು ಗಂಟೆ ಹನ್ನೆರಡು ನಿಮಿಷ ಓಡುತ್ತದೆ. ಕಾಫಿ ಆರಿ ಕೆನೆಗಟ್ಟಿತು. ಕೊನೆಗೆ ತಡೆಯಲಾರದೆ, "ಸ್ವಲ್ಪ ನಿಧಾನ ಅನ್ನಿಸಲ್ವೇ ಸಾರ್?" ಎಂದೆ.

"ಗೊತ್ತು ಸಾರ್. ಲೇತ್‌ನವನ ಹತ್ರ ಸ್ವಲ್ಪ ದಪ್ಪದ ಪುಲ್ಲಿ ಮಾಡಿಸಿ ಹಾಕಿದ್ರೆ ಸರಿಹೋಗತ್ತೆ. ಆದ್ರೆ ಒರಿಜಿನಲ್ ಪಾರ್ಟು ಮುಟ್ಟೋಕೆ ಮನಸ್ಸು ಬರಲ್ಲ."

ಪೆಟ್ಟಿಗೆ ಒರಿಜಿನಲ್ ಆಗಿರಬೇಕು, ಎಂ.ಎಸ್. ಹೇಗಾದರೂ ಇರಲಿ!

ಅವರ ಮನೆಯವರು ಜಾಣೆ. ನವರಾತ್ರಿ ಬಂದರೆ ಅದೇ ಪೆಟ್ಟಿಗೆಯ ಮೇಲೆ ಬಿಳಿ ಪಂಚೆ ಹಾಸಿ ಪಟ್ಟದ ಗೊಂಬೆ ಕೂರಿಸಿಬಿಡುತ್ತಾರೆ. ಹಬ್ಬ ಮುಗಿಯುವವರೆಗೆ ಮುಚ್ಚಳ ಎತ್ತುವಂತಿಲ್ಲ. ಆ ಮನೆಗೆ ಜನ ಹೆಚ್ಚು ಬರುವುದೂ ಆಗಲೇ.

ರಾಯರ ಇನ್ನೊಂದು ಪೆಟ್ಟಿಗೆ ಜರ್ಮನ್, ಅದರ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಅಲ್ಲಿಯ ಕರೆಂಟೂ 50 ಸೈಕಲ್ಲಿನದೇ. ಒಮ್ಮೆ ಬೀದಿಯ ಕೊನೆಮನೆಯವರು ಅಟ್ಟದಿಂದ ಬೂಷ್ಟು ಹಿಡಿದ ಸ್ಪೂಲೊಂದನ್ನು ತಂದರು. ರಾಯರು ಅದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೆರಳಲ್ಲೇ ಸುತ್ತಿ ನೋಡಿ, ಹಾಕಿದರು. ಹೆಂಗಸೊಬ್ಬರು ಹಸೆಹಾಡು ಹೇಳುತ್ತಿದ್ದರು. ನಡುವೆ ಹಾಡು ನಿಂತು, "ಹಾಲು ಉಕ್ತಾ ಇದೆ ನೋಡೇ!" ಎಂದು ಗದರಿದರು. ಎಪ್ಪತ್ತು ದಾಟಿದ ಆ ಮನುಷ್ಯ, ಹಾಡು ಬಿಟ್ಟು, ಅಮ್ಮ ಗದರಿದ ಜಾಗವನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು. ರಾಯರು ಅಂದು ವಾಲ್ವಿನ ಸುದ್ದಿ ಎತ್ತಲಿಲ್ಲ, ಕಾಸೂ ಮುಟ್ಟಲಿಲ್ಲ. ಇಷ್ಟಾದ ಮೇಲೆ ಅವರನ್ನು ಬೈಯುವುದು ನನಗೆ ಕಷ್ಟವಾಗಿದೆ.

ನಿಮ್ಮ ಅಟ್ಟದಲ್ಲೂ ಇಂಥ ಸ್ಪೂಲುಗಳಿದ್ದರೆ ದಯವಿಟ್ಟು ಗುಜರಿಯವನಿಗೆ ಹಾಕಬೇಡಿ. ಹತ್ತಿರದ ಯಾರಾದರೂ ಪೆಟ್ಟಿಗೆ ರಾಯರ ಬಳಿ ಒಯ್ಯಿರಿ. ಜರ್ಮನ್ ಪೆಟ್ಟಿಗೆಯಲ್ಲೇ ಹಾಕಿ ಎಂದು ಬಾಗಿಲಲ್ಲೇ ಹೇಳಿಬಿಡಿ.