ಸರ್ವರ್ ಎದ್ದಿತು, ಸ್ವರ ಏಳಲಿಲ್ಲ

ಜಾಕಣಾಚಾರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮಿನ ಧ್ವನಿಯನ್ನು ಇನ್ನೊಂದಕ್ಕೆ ಹಾಯಿಸುವ ‘ಜಾಕ್’ ಎಂಬ ತಂತ್ರಾಂಶದ ಮೇಲೆ ಆತನಿಗಿರುವ ಭಕ್ತಿ ಕಂಡು ಗೆಳೆಯರು ಇಟ್ಟದ್ದು ಇದು. ಬೇಲೂರಿನ ಜಕಣಾಚಾರಿಗೆ ಕಲ್ಲಿನೊಳಗಿದ್ದ ಕಪ್ಪೆ ಕಾಣಲಿಲ್ಲ, ಅದನ್ನು ಹಿಡಿದು ತೋರಿಸಿದವನು ಮಗ ಡಂಕಣ ಎಂದು ಕಥೆ. ನಮ್ಮ ಜಾಕಣಾಚಾರಿಗೆ ಆ ತೊಂದರೆಯಿಲ್ಲ. ಯಾವ ಕಲ್ಲು ಕೊಟ್ಟರೂ ಕಪ್ಪೆ ಹಿಡಿಯುತ್ತಾನೆ. ಮೂರ್ತಿ ಮಾತ್ರ ಇನ್ನೂ ಒಂದೂ ಆಗಿಲ್ಲ.

ಹಗಲಲ್ಲಿ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ. ರಾತ್ರಿ ಊಟವಾದ ಮೇಲೆ ಸಂಗೀತಗಾರ. ವಾದ್ಯ ಲ್ಯಾಪ್‌ಟಾಪು, ಬಾನಿ ‘ಲೈವ್ ಕೋಡಿಂಗ್’. ಅಂದರೆ ಸಭೆಯ ಮುಂದೆ ಕೂತು ಸೂಪರ್‌ಕೊಲೈಡರ್ ಅಥವಾ ಟೈಡಲ್‌ಸೈಕಲ್ಸ್ ಎಂಬ ತಂತ್ರಾಂಶದಲ್ಲಿ ಸಾಲು ಸಾಲಾಗಿ ಕೋಡ್ ಬರೆಯುವುದು. ಬರೆದ ಸಾಲು ಆಗಿಂದಾಗಲೇ ನಾದವಾಗಿ ಹೊರಡಬೇಕು. 2004ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಈ ಹುಚ್ಚಿನವರು ಸೇರಿ ಟಾಪ್‌ಲ್ಯಾಪ್ ಎಂಬ ಕೂಟ ಕಟ್ಟಿದರು. ಪರದೆಯನ್ನು ಬಚ್ಚಿಡಕೂಡದು, ಕಲಾವಿದ ಟೈಪ್ ಮಾಡುವುದೆಲ್ಲ ಸಭಿಕರಿಗೆ ಕಾಣಬೇಕು ಎಂಬುದು ಅವರ ಕಟ್ಟಳೆ. ಇದಕ್ಕೆ ಕುಣಿಯುವವರೂ ಇದ್ದಾರೆ. 2012ರಲ್ಲಿ ಲಂಡನ್ನಿನಲ್ಲಿ ಶುರುವಾದ ಆ ಕುಣಿತಕ್ಕೆ ಆಲ್ಗೊರೇವ್ ಎಂದು ಹೆಸರು. ಜಾಕಣಾಚಾರಿಯ ಸಂಗೀತಕ್ಕೆ ಇನ್ನೂ ಯಾರೂ ಕುಣಿದಿಲ್ಲ. ಆತನ ಸೆಟಪ್ ನಡೆಯುತ್ತಿದೆ.

ಮನೆಯಲ್ಲಿ ಇನ್ನೊಬ್ಬ ಕಲಾವಿದೆ ಇದ್ದಾರೆ, ಆತನ ತಾಯಿ. ಭಜನಾ ಮಂಡಳಿಯವರು. ಅವರ ಹತ್ತಿರ ಬೆಂಗಳೂರಿನಲ್ಲೇ ತಯಾರಾದ ಎಲೆಕ್ಟ್ರಾನಿಕ್ ತಂಬೂರಿ ಇದೆ. ಸ್ವಿಚ್ ಒತ್ತಿದರೆ ಪ-ಸ-ಸ-ಸ ಹೊರಡುತ್ತದೆ. ಕೊಂಡ ದಿನದಿಂದ ಇವತ್ತಿನವರೆಗೆ ಅದು ಡ್ರೈವರ್ ಕೇಳಿಲ್ಲ. ಮಲಗುವ ಮುಂಚೆ ಅವರು ಮಗನ ಕೋಣೆಗೆ ಒಮ್ಮೆ ಇಣುಕುತ್ತಾರೆ.

“ಏನೋ, ಇವತ್ತಾದ್ರೂ ಶಬ್ದ ಬಂತೇನೋ?”

“ಸರ್ವರ್ ಬೂಟ್ ಆಗಿದೆಯಮ್ಮ.”

“ಶಬ್ದ?”

“ಇನ್ನೂ ಇಲ್ಲ.”

“ಹಾಗಾದ್ರೆ ಬೂಟು ಆಚೆ ಬಿಟ್ಟು ಮಲಗು.”

ಈ ಸರ್ವರ್ ಯಾವುದು ಎಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಜೇಮ್ಸ್ ಮೆಕಾರ್ಟ್ನಿ ಎಂಬಾತ 1996ರಲ್ಲಿ ಹೊರತಂದ, 2002ರಲ್ಲಿ ಎಲ್ಲರಿಗೂ ಮುಕ್ತವಾದ ಸೂಪರ್‌ಕೊಲೈಡರ್‌ನಲ್ಲಿ ಈಗ ಎರಡು ಭಾಗಗಳಿವೆ. ಒಂದು ನಾವು ಬರೆದದ್ದನ್ನು ಅರ್ಥಮಾಡಿಕೊಳ್ಳುತ್ತದೆ, ಇನ್ನೊಂದು ಧ್ವನಿ ಹೊರಡಿಸುತ್ತದೆ. ಇರುವುದು ಒಂದೇ ಲ್ಯಾಪ್‌ಟಾಪಿನಲ್ಲಾದರೂ ಮುಖ ಕೊಟ್ಟು ಮಾತಾಡದ ಅತ್ತೆ ಸೊಸೆಯರ ಹಾಗೆ ಇವು ಎಲ್ಲವನ್ನೂ ನೆಟ್‌ವರ್ಕ್ ಸಂದೇಶದಲ್ಲೇ ಹೇಳಿಕಳಿಸುತ್ತವೆ. ಧ್ವನಿಯ ಸರ್ವರ್ ಸಾಮಾನ್ಯವಾಗಿ 57110ನೆಯ ಪೋರ್ಟಿನಲ್ಲಿ ಕೂತಿರುತ್ತದೆ. ತೊಂದರೆ ಅಲ್ಲೇ. ಪ್ರೋಗ್ರಾಮು ನಡುವೆ ಕುಸಿದುಬಿದ್ದರೆ ಎಷ್ಟೋ ಸಲ ಹಳೆಯ ಸರ್ವರ್ ಪೂರ್ತಿ ಸತ್ತಿರುವುದಿಲ್ಲ. ಜಾಗ ಹಿಡಿದುಕೊಂಡು ಕೂತಿರುತ್ತದೆ, ಹೊಸದನ್ನು ಒಳಗೆ ಬಿಡುವುದಿಲ್ಲ. ಆಗ ‘ಕಿಲ್‌ಆಲ್’ ಎಂಬ ಆಜ್ಞೆ ಕೊಟ್ಟು ಅದಕ್ಕೆ ಮೋಕ್ಷ ಕಾಣಿಸಬೇಕು. ಬಸವನಗುಡಿಯ ಒಂದು ಮದುವೆ ಮನೆಯಲ್ಲಿ ಜಾಕಣಾಚಾರಿ ಪಂಕ್ತಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ಕೂಗಿ ಹೇಳುತ್ತಿದ್ದ: “ಹಳೇದು ಇನ್ನೂ ಉಸಿರಾಡ್ತಿದೆ ಕಣೋ! ಒಂದನ್ನೂ ಬಿಡಬೇಡ, ಎಲ್ಲಾ ಕೊಂದ್‌ಹಾಕು. ಆಮೇಲೆ ನೋಡು, ಮನೆಯೆಲ್ಲ ಸಂಗೀತ!” ಪಕ್ಕದ ಎಲೆಯ ಹಿರಿಯರು ಹೋಳಿಗೆಗೂ ಕಾಯದೆ ಎದ್ದು ಕೈತೊಳೆಯಲು ಹೋದರು.

ಪರೋಪಕಾರದಲ್ಲಿ ಮಾತ್ರ ಆತನಿಗೆ ಸಾಟಿಯಿಲ್ಲ. ಯಾರದೇ ಲ್ಯಾಪ್‌ಟಾಪು ಮೂಕವಾದರೂ ಮೊದಲು ನೆನಪಾಗುವವನು ಇವನೇ. ಒಮ್ಮೆ ಕಾಲೇಜು ಹುಡುಗನೊಬ್ಬ ಮ್ಯಾಕ್‌ಬುಕ್ ಅಪ್ಪಿಕೊಂಡು ಬಂದ. ಕಿವಿಯಲ್ಲಿ ಬ್ಲೂಟೂತ್ ಇಯರ್‌ಬಡ್.

“ಅಣ್ಣಾ, ಸೂಪರ್‌ಕೊಲೈಡರ್ ಏಳ್ತಾನೇ ಇಲ್ಲ. ನಿನ್ನೆ ತನಕ ಚೆನ್ನಾಗೇ ಇತ್ತು.”

“ನಿನ್ನೆ ಕಿವಿಯಲ್ಲಿ ಇದಿತ್ತಾ?”

“ಇಲ್ಲಣ್ಣ, ಇವತ್ತು ತಂದಿದ್ದು.”

ಬೇರೆಯವರಾಗಿದ್ದರೆ ಅದನ್ನು ಕಿತ್ತಿಡು ಎಂದು ಕಳಿಸಿಬಿಡುತ್ತಿದ್ದರು. ಜಾಕಣಾಚಾರಿ ಕುರ್ಚಿ ಎಳೆದು ಕೂರಿಸಿದ. ಬ್ಲೂಟೂತಿನ ಮೈಕು ತೆರೆದ ಕೂಡಲೇ ಅದು ಫೋನ್ ಕರೆಯ ದರ್ಜೆಗೆ ಇಳಿಯುತ್ತದೆ. ಹಾಗಾಗಿ ಮೈಕಿನ ಸ್ಯಾಂಪಲ್ ದರವೇ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯುತ್ತದೆ ಎಂಬ ಲೆಕ್ಕ) ಬೇರೆ, ಸ್ಪೀಕರಿನ 44,100 ಅಥವಾ 48,000ವೇ ಬೇರೆ ಆಗುತ್ತದೆ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ತಾಳೆಯಾಗದಿದ್ದರೆ ಸರ್ವರ್ ಮುಷ್ಕರ ಹೂಡುತ್ತದೆ. ಇಷ್ಟನ್ನು ಕಾಗದದ ಮೇಲೆ ಅಲೆ ಬರೆದು ವಿವರಿಸಿದ. ಹುಡುಗನ ಕಾಫಿ ಆರಿತು.

“ನೀನು ಮೈಕಲ್ಲಿ ಹಾಡ್ತೀಯಾ?”

“ಇಲ್ಲಣ್ಣ.”

“ಮತ್ತೆ ನಿನ್ನ ಸರ್ವರ್‌ಗೆ ಕಿವಿ ಯಾಕೆ? ಬಾಯಿ ಸಾಕು.”

ಇನ್‌ಪುಟ್ ಚಾನೆಲ್ ಸೊನ್ನೆ ಎಂದು ಒಂದೇ ಒಂದು ಸಾಲು ಸೇರಿಸಿ ಬೂಟ್ ಮಾಡಿದ. ಸರ್ವರ್ ಎದ್ದಿತು. 440 ಹರ್ಟ್ಸ್‌ನ ಸೈನ್ ಅಲೆ ಕೊಂಯ್ ಎಂದಿತು. ಒಳಗಿನಿಂದ ತಾಯಿ, “ಕುಕ್ಕರ್ ಯಾರಿಟ್ಟಿದ್ದು?” ಎಂದರು. ಕೃತಜ್ಞತೆಯಿಂದ ಕರಗಿಹೋದ ಹುಡುಗ, “ಅಣ್ಣಾ, ನಿಮ್ಮ ಮ್ಯೂಸಿಕ್ ಒಂದು ಕೇಳಿಸಿ” ಎಂದ. ಜಾಕಣಾಚಾರಿ ಗಡಿಯಾರ ನೋಡಿ, “ಈಗ ಕರ್ನಲ್ ಕಂಪೈಲ್ ಆಗ್ತಿದೆ, ಇನ್ನೊಂದು ದಿನ ಬಾ” ಎಂದ.

ಆತನ ನಿಜವಾದ ವೈರಿ ಲೇಟೆನ್ಸಿ, ಅಂದರೆ ಹೇಳಿದ ಮಾತಿಗೂ ಹೊರಟ ಧ್ವನಿಗೂ ನಡುವಿನ ತಡ. 48,000 ದರದಲ್ಲಿ 1024 ಸ್ಯಾಂಪಲ್ಲುಗಳ ಬಫರ್ (ಒಂದು ಸಲಕ್ಕೆ ತುಂಬಿಸುವ ಧ್ವನಿಯ ಕಟ್ಟು) ಇಟ್ಟರೆ ಸುಮಾರು 21 ಮಿಲಿಸೆಕೆಂಡ್ ತಡವಾಗುತ್ತದೆ. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ 7 ಮೀಟರ್ ಹೋಗಿರುತ್ತದೆ. ಮೃದಂಗದವರನ್ನು ವೇದಿಕೆಯಿಂದ ಇಳಿಸಿ ಮೂರನೆಯ ಸಾಲಿನಲ್ಲಿ ಕೂರಿಸಿದ ಲೆಕ್ಕ. ಇದನ್ನು ಸಹಿಸದ ಜಾಕಣಾಚಾರಿ 1024ನ್ನು 256 ಮಾಡಿದ, 128 ಮಾಡಿದ, 64ಕ್ಕೆ ಇಳಿಸಿದ. ಅಲ್ಲಿಗೆ 1.3 ಮಿಲಿಸೆಕೆಂಡ್. ಬಫರ್ ಇಷ್ಟು ಚಿಕ್ಕದಾದರೆ ಕಂಪ್ಯೂಟರಿಗೆ ಅಷ್ಟರೊಳಗೆ ಧ್ವನಿ ತುಂಬಿಸಲು ಪುರಸೊತ್ತಾಗದೆ ಚಟಪಟ ಸದ್ದು ಬರುತ್ತದೆ. ಅದಕ್ಕೆ ಎಕ್ಸ್‌ರನ್ ಎಂದು ಹೆಸರು. ಮನೆಯವರು ಹಾಲಿನಲ್ಲಿ ಐಪಿಎಲ್ ನೋಡುವಾಗ ಈತ ಕೋಣೆಯಲ್ಲಿ ಎಕ್ಸ್‌ರನ್ ಎಣಿಸುತ್ತಾನೆ. ಇಲ್ಲಿ ರನ್ ಬಂದಷ್ಟೂ ಸೋಲು.

ರನ್ ತಡೆಯಲು ಧ್ವನಿಯ ಕೆಲಸಕ್ಕೆ ರಿಯಲ್‌ಟೈಮ್ ಆದ್ಯತೆ ಕೊಡಿಸಬೇಕು. ಅದಕ್ಕೆ ಹಲವು ಲಿನಕ್ಸ್‌ಗಳಲ್ಲಿ ಬಳಕೆದಾರನನ್ನು ‘ಆಡಿಯೊ’ ಎಂಬ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಒಳಗೆ ಬರಬೇಕು. ಗುಂಪಿಗೆ ಸೇರದವನ ದನಿ ಹೊರಡುವುದಿಲ್ಲ ಎಂಬುದು ನಮ್ಮ ಸಾಹಿತಿಗಳಿಗೆ ಹೊಸ ವಿಷಯವಲ್ಲ, ಬಿಡಿ.

ಇಷ್ಟಕ್ಕೂ ಈ 20 ಮಿಲಿಸೆಕೆಂಡ್ ಉಳಿಸಿ ಆಗಬೇಕಾದ್ದೇನು? ಗಿಟಾರೋ ಕೀಬೋರ್ಡೋ ನುಡಿಸುವವನಿಗೆ ಅದು ಬೇಕು, ಒಪ್ಪೋಣ. ಇವನು ನುಡಿಸುವುದು ಟೈಪ್ ಮಾಡಿ. ಒಂದು ಆವರಣ ಚಿಹ್ನೆ ಹುಡುಕುವುದರಲ್ಲಿ ಅರ್ಧ ಆವರ್ತನ ಕಳೆದಿರುತ್ತದೆ. ಸಾಲದ್ದಕ್ಕೆ, ತಾಳ ಅಲುಗದಿರಲಿ ಎಂದು ಸೂಪರ್‌ಕೊಲೈಡರ್ ತಾನಾಗಿಯೇ ಸಂದೇಶಗಳನ್ನು 0.2 ಸೆಕೆಂಡ್ ಮುಂದಕ್ಕೆ ನಿಗದಿ ಮಾಡಿ ಕಳಿಸುತ್ತದೆ. ಅಂದರೆ 200 ಮಿಲಿಸೆಕೆಂಡ್! ಇದನ್ನು ಆತನಿಗೆ ಹೇಳಿ ನೋಡಿದೆ. “ಅದು ಬೇರೆ ಲೇಟೆನ್ಸಿ” ಎಂದ, ಮಡಿ ಮುಟ್ಟಿದವನನ್ನು ನೋಡುವ ನೋಟದಲ್ಲಿ.

ಆತ ಕುಗ್ಗಿಹೋದದ್ದನ್ನು ನಾನು ಕಂಡದ್ದು 2021ರಲ್ಲಿ. ಆ ವರ್ಷ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿಯ ಜೊತೆಗೆ ಪೈಪ್‌ವೈರ್ ಎಂಬ ಹೊಸ ವ್ಯವಸ್ಥೆ ತಾನಾಗಿಯೇ ಬಂತು. ಜಾಕ್ ಮಾಡುತ್ತಿದ್ದುದನ್ನೂ ದಿನಬಳಕೆಯ ಧ್ವನಿ ನೋಡಿಕೊಳ್ಳುವ ಪಲ್ಸ್‌ಆಡಿಯೊ ಮಾಡುತ್ತಿದ್ದುದನ್ನೂ ಅದೊಂದೇ ಮಾಡುತ್ತದೆ. ಇನ್‌ಸ್ಟಾಲ್ ಮುಗಿಸಿ ಕೀಲಿ ಒತ್ತಿದ, ಶಬ್ದ ಬಂತು. ಯಾವ ಫೈಲನ್ನೂ ತಿದ್ದಿರಲಿಲ್ಲ. ಮತ್ತೊಮ್ಮೆ ಒತ್ತಿದ, ಮತ್ತೂ ಬಂತು. “ಏನೋ ಸರಿಯಿಲ್ಲ” ಎಂದು ಊಟ ಬಿಟ್ಟು ಕೂತ. ಮುಂದೆ 2024ರಲ್ಲಿ ರಿಯಲ್‌ಟೈಮ್ ಸೌಲಭ್ಯವೂ ಲಿನಕ್ಸಿನ ತಿರುಳಾದ ಕರ್ನಲ್ 6.12ರ ಮೂಲದೊಳಗೇ ಸೇರಿಹೋಯಿತು. ವರ್ಷಗಟ್ಟಲೆ ಪ್ಯಾಚ್ ಹಚ್ಚಿ ರಾತ್ರಿಯಿಡೀ ಕಂಪೈಲ್ ಮಾಡಿದವನಿಗೆ ಇದು ಅಭಿನಂದನೆಯೇ ಇಲ್ಲದ ನಿವೃತ್ತಿ.

ಆದರೆ ದೇವರು ದೊಡ್ಡವನು, ಅಪ್‌ಡೇಟ್ ಎಂಬುದೊಂದನ್ನು ಇಟ್ಟಿದ್ದಾನೆ. ಇಂದಿರಾನಗರದ ಒಂದು ಕೆಫೆಯ ಮಹಡಿಯಲ್ಲಿ ಕೊನೆಗೂ ಕಾರ್ಯಕ್ರಮ ಗೊತ್ತಾಯಿತು. ಹಿಂದಿನ ರಾತ್ರಿ ಜಾಕಣಾಚಾರಿ ಎಲ್ಲವನ್ನೂ ಅಪ್‌ಡೇಟ್ ಮಾಡಿದ. ಕಟ್ಟಳೆಯಂತೆ ಪರದೆ ತೋರಿಸಲು ಪ್ರೊಜೆಕ್ಟರಿನ ಎಚ್‌ಡಿಎಂಐ ತಂತಿ ಚುಚ್ಚಿದ ಕ್ಷಣವೇ ಧ್ವನಿಯೆಲ್ಲ ಆ ತಂತಿಯೊಳಗೆ ಹೊರಟುಹೋಯಿತು. ಬಾಡಿಗೆಗೆ ತಂದ ಆಳೆತ್ತರದ ಸ್ಪೀಕರುಗಳು ಸುಮ್ಮನಿದ್ದವು. ಮಾಡಿಗೆ ನೇತುಹಾಕಿದ್ದ ಪ್ರೊಜೆಕ್ಟರ್ ಮಾತ್ರ ಸೊಳ್ಳೆ ದನಿಯಲ್ಲಿ ಕೀಚುಗುಟ್ಟಿತು. ಆತ ಟರ್ಮಿನಲ್ ತೆರೆದ. ಗೋಡೆಯ ಮೇಲೆ ಆಜ್ಞೆಗಳು ಉರುಳಿದವು, ಎರರ್ ಸಾಲುಗಳು ಕೆಂಪಗೆ ಸುರಿದವು, ಸ್ಪೀಕರುಗಳು ಇದ್ದಕ್ಕಿದ್ದಂತೆ ಗೊರ್ ಎಂದು ಚಟಪಟ ಸಿಡಿದವು. ಸಭೆ ಹುಚ್ಚೆದ್ದಿತು. ಮುಂದಿನ ಸಾಲಿನ ಹುಡುಗಿಯರು ಕುಣಿದೇಬಿಟ್ಟರು. ಇಂಥ ಕರಕರ ಸದ್ದನ್ನೇ ಕಟ್ಟಿ ಹಾಡಾಗಿಸುವ ‘ಗ್ಲಿಚ್’ ಎಂಬ ಸಂಗೀತ ಪ್ರಕಾರ ನಿಜವಾಗಿಯೂ ಇದೆ, ಅದಕ್ಕೆ ರಸಿಕರೂ ಇದ್ದಾರೆ.

ಜಾಕಣಾಚಾರಿ ಬೆವರೊರೆಸಿಕೊಂಡು ಎಲ್ಲ ಸರಿಮಾಡಿದ. ಒಂದೂ ಎಕ್ಸ್‌ರನ್ ಇಲ್ಲದ, ಕೊಳೆಯಿಲ್ಲದ ನಾದ ಹೊರಟಿತು. ಕುಣಿತ ನಿಂತು, ಜನ ಒಬ್ಬೊಬ್ಬರಾಗಿ ಕೌಂಟರಿನ ಕಡೆ ನಡೆದರು. ಹೊರಡುವಾಗ ಒಬ್ಬರು ಕೈಕುಲುಕಿ, “ಮೊದಲನೇದು ಅದ್ಭುತ. ಎರಡನೇದು ಸ್ವಲ್ಪ ಎಳೀತು” ಎಂದರು.

ಇಂಥವನು ನಿಮ್ಮ ಬೀದಿಯಲ್ಲೂ ಒಬ್ಬ ಇರುತ್ತಾನೆ. ಲ್ಯಾಪ್‌ಟಾಪಿನಲ್ಲಿ ಶಬ್ದ ನಿಂತರೆ ಸಂಕೋಚ ಬೇಡ, ಹೋಗಿ. ಕಾಸು ಕೇಳುವುದಿಲ್ಲ, ಕಾಫಿ ಅವರ ಮನೆಯದೇ, ಸರಿಮಾಡದೆ ಕಳಿಸುವ ಮಾತೇ ಇಲ್ಲ. ಊಟ ಮುಗಿಸಿಕೊಂಡು, ಚಾರ್ಜರ್ ಕೈಯಲ್ಲಿ ಹಿಡಿದುಕೊಂಡು ಹೋದರೆ ಒಳ್ಳೆಯದು. ನಿನ್ನೆಯವರೆಗೆ ಚೆನ್ನಾಗಿತ್ತು ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. ನಿನ್ನೆಯ ಲಾಗ್ ಕೇಳುತ್ತಾನೆ.