ಬಿಟ್ಟಿ ಬಿಸಿನೀರು

ಚಳ್ಳಕೆರೆಯ ಅಂಗಡಿ. ಮೊಳಕಾಲ್ಮೂರಿನಿಂದ ಬಂದ ಭಾಮೈದ, ಊರಿನ ಭಾವ. ಮಧ್ಯೆ ಎರಡು ಗೀಸರ್.

"ಕರೆಂಟಿಂದೇ ತಗಳಾಣ ಭಾವ. ಗೃಹಜ್ಯೋತಿ ಐತಲ್ಲ, ಫ್ರೀ!"

"200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಣಪ್ಪ. 2 ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಕಾದ್ರೆ 2 ಯೂನಿಟ್. ನಿನ್ನ ಮಗ ಬಚ್ಚಲಿಗೆ ಹೋದ್ರೆ ಗಂಟೆಯೊಳಗೆ ಬರ್ತಾನಾ?"

"ಹಂಗಾರೆ ಗ್ಯಾಸು."

"14.2 ಕೆಜಿ ಸಿಲಿಂಡರಿನ ಶಾಖ ಸುಮಾರು 180 ಯೂನಿಟ್ ಕರೆಂಟಿಗೆ ಸಮ. ಐದರಲ್ಲೊಂದು ಪಾಲು ಬಿಸಿಗಾಳಿ ಜತೆ ಹೋಯ್ತು ಅನ್ನು. ಸಿಲಿಂಡರ್ ರೇಟನ್ನ 145ರಿಂದ ಭಾಗಿಸಿ, ಕರೆಂಟಿನ ಯೂನಿಟ್ ರೇಟಿಗೆ ಹೋಲಿಸು."

ಭಾಮೈದನದು ರೇಷ್ಮೆ ಎಳೆ ಎಣಿಸುವ ಕೈ. ಕ್ಷಣದಲ್ಲಿ ಲೆಕ್ಕ ಮುಗಿಯಿತು. "ಅಂಥಾ ಫರಕೇ ಇಲ್ವಲ್ಲ! ನಿಮ್ಮನೇಲಿ ಯಾವುದು?"

"ಹಂಡೆ. ಎಣ್ಣೆ ಮಿಲ್ಲಿನ ಶೇಂಗಾ ಹೊಟ್ಟು ಹಾಕ್ತೀವಿ."

"ಬಿಟ್ಟಿನಾ?"

"ಹೊಟ್ಟಿಗೆ ದುಡ್ಡು. ಊದೋದು ನಿಮ್ಮಕ್ಕ, ಅದು ಬಿಟ್ಟಿ."

"ಗ್ಯಾಸೇ ಕಟ್ರಿ," ಎಂದ ಭಾಮೈದ.

"ಬಚ್ಚಲಿಗೆ ಕಿಟಕಿ ಐತಾ?"

"ಇತ್ತು. ವಾಸ್ತು ನೋಡೋರು ಮುಚ್ಚಿಸಿದ್ರು."

ಅಂಗಡಿಯವ ಆಗಲೇ ಬಿಲ್ ಬರೆಯುತ್ತಿದ್ದ. ಓದುಗರೇ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ವಾಸ್ತುವೂ ತಿಳಿಯದು. ಗಾಳಿಯಾಡದ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಬೇಡಿ.